ಮಿಲಿಟರಿ ಲಾರಿ ನಿಂತರೆ: ಹಗ್ಗ ಕಟ್ಟುವ ಮುನ್ನ

ಸೇನೆಯ ಹರಾಜಿನಿಂದ ಬಂದ ಲಾರಿ ದಾರಿಯಲ್ಲಿ ನಿಂತಾಗ ಅದಕ್ಕೆ ದೊಡ್ಡ ಪೆಟ್ಟು ಬೀಳುವುದು ಬಹಳ ಸಲ ಕೆಟ್ಟದ್ದರಿಂದಲ್ಲ, ಎಳೆದದ್ದರಿಂದ. ಡೀಸೆಲ್ ಪೈಪಿನ ಒಂದು ವಾಷರ್ ಸಡಿಲಾಗಿ ಮೋಟೆಬೆನ್ನೂರಿನ ಹತ್ತಿರ ಗಾಡಿ ನಿಂತಿತು ಅನ್ನಿ. "ಗೇರ್ ನ್ಯೂಟ್ರಲ್ ಐತಿ, ಎಳೀರಿ ಅಣ್ಣಾ" ಎಂದು ಹಗ್ಗ ಕಟ್ಟಿ ರಾಣೆಬೆನ್ನೂರು ಮುಟ್ಟಿಸುವಷ್ಟರಲ್ಲಿ ಗೇರ್ ಬಾಕ್ಸಿನ ಬೇರಿಂಗ್ ಸುಟ್ಟು ಕೂತಿರುತ್ತದೆ.

ಈ ಗಾಡಿಗಳು ನಮ್ಮ ಕಡೆ ಹೊಸವೇನಲ್ಲ. ಹೆದ್ದಾರಿಯಲ್ಲಿ ಮಗುಚಿದ ಲಾರಿ ಎತ್ತಲು ಬರುವ ಕ್ರೇನ್‌ಗಳಲ್ಲಿ ಎಷ್ಟೋ ಹಳೆಯ ಮಿಲಿಟರಿ ಚಾಸಿಯ ಮೇಲೆ ಕಟ್ಟಿದವು. ಪಶ್ಚಿಮಕ್ಕೆ ಮಲೆನಾಡಿನ ಕಾಡುಗಳಲ್ಲಿ ಎರಡನೇ ಮಹಾಯುದ್ಧದ ಲಾರಿಗಳೇ ದಶಕಗಟ್ಟಲೆ ನಾಟಾ ಎಳೆದಿವೆ. ಈಗ ಹರಾಜಿಗೆ ಬರುವವು ಮುಖ್ಯವಾಗಿ ಎರಡು ತಲೆಮಾರಿನವು. ಒಂದು, ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್‌ಪುರದಲ್ಲಿ 1959ರಿಂದ 1996ರವರೆಗೆ ತಯಾರಾದ ಶಕ್ತಿಮಾನ್. ಇನ್ನೊಂದು, ಅದರ ಜಾಗಕ್ಕೆ ಬಂದ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್. ಜೊತೆಗೆ ಟಾಟಾದ ಫೋರ್ ವೀಲ್ ಗಾಡಿಗಳೂ ಸಿಗುತ್ತವೆ.

ಕೊಳ್ಳುವಾಗಲೇ ನೋಡಬೇಕಾದ್ದು ಕಾಗದ. ಸೇನೆಯ ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣ, ಅದರ ಪಕ್ಕದಲ್ಲಿ ವರ್ಷದ ಎರಡು ಅಂಕಿ ಇರುತ್ತವೆ. ಗಾಡಿಯ ವಯಸ್ಸು ಅಲ್ಲೇ ತಿಳಿಯುತ್ತದೆ. ಆರ್‌ಟಿಒ ನೋಂದಣಿಗೆ ಬೇಕಾದ ಫಾರಂ 21ರ ಮಾರಾಟ ಪತ್ರವನ್ನು ಇಂಥ ಗಾಡಿಗೆ ರಕ್ಷಣಾ ಇಲಾಖೆಯ ಅಧಿಕಾರಿಯೇ ಕೊಡಬೇಕು. ಆಲಿವ್ ಹಸಿರು ಬಣ್ಣ ರಕ್ಷಣಾ ವಾಹನಗಳಿಗೆ ಮೀಸಲು, ಬೇರೆ ಬಣ್ಣ ಹೊಡೆಸಲೇಬೇಕು.

ಗಾಡಿ ನಿಂತ ಕ್ಷಣ ಮೊದಲು ನೋಡಬೇಕಾದ್ದು ಎಂಜಿನ್ನಲ್ಲ, ರಸ್ತೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಸತ್ತರು. ದೇವಿಯ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಮರಳುತ್ತಿದ್ದವರು. ನಿಂತ ಲಾರಿ ಎಂದರೆ ಕತ್ತಲಲ್ಲಿ ಒಂದು ಗೋಡೆ. ಉರುಳುವ ವೇಗ ಇರುವಾಗಲೇ ಡಾಂಬರು ಬಿಟ್ಟು ಎಡಕ್ಕೆ ಇಳಿಸಿ, ಇಂಡಿಕೇಟರ್ ಎರಡೂ ಹಾಕಿ, ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಪ್ರತಿಫಲಿಸುವ ತ್ರಿಕೋನವನ್ನು ಗಾಡಿಯ ಬಾಲಕ್ಕೇ ಆನಿಸಿ ಇಡುವವರಿದ್ದಾರೆ; ಅದರಿಂದ ಪ್ರಯೋಜನವಿಲ್ಲ, ದೂರ ಹಿಂದಕ್ಕೆ ಇಡಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ಆಯುಧಪೂಜೆಯ ಹೊತ್ತಿಗೆ ಮಾಲತೇಶನ ಕಾರ್ಣಿಕಕ್ಕೆ ಜನ ಸೇರಿದಾಗ ದೇವರಗುಡ್ಡದ ರಸ್ತೆಯಲ್ಲೇ ಗಾಡಿ ಕೈಕೊಟ್ಟರೆ ಎಳೆಯುವ ಉಸಾಬರಿಯೇ ಬೇಡ. ಪಕ್ಕಕ್ಕೆ ಹಚ್ಚಿ, ಜನ ಕರಗುವವರೆಗೆ ಕೂತಿರಿ.

ಇನ್ನು ರೋಗ ಹುಡುಕುವುದು. ಕೀಲಿ ತಿರುಗಿಸಿದರೆ 'ಟಕ್' ಎಂದು ಸೆಲ್ಫ್ ಸುಮ್ಮನಾದರೆ ಬ್ಯಾಟರಿಯ ಕಡೆ ನೋಡಿ. ಮಿಲಿಟರಿ ಲಾರಿಗಳದು 24 ವೋಲ್ಟಿನ ವ್ಯವಸ್ಥೆ, 12ರ ಎರಡು ಬ್ಯಾಟರಿ ಸರಣಿಯಲ್ಲಿ. ಹರಾಜಿನ ಗಾಡಿ ಊರಿಗೆ ಬಂದ ಮೇಲೆ ಮಾಲೀಕ ಮಾಡುವ ಮೊದಲ ಕೆಲಸವೆಂದರೆ ಟೇಪು, ಹಾರನ್ನು, ಮೊಬೈಲ್ ಚಾರ್ಜರ್‌ಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು. ಡೈನಮೋ ಎರಡಕ್ಕೂ ಸಮನಾಗಿ ಚಾರ್ಜ್ ಕೊಡುತ್ತದೆ, ಖರ್ಚು ಮಾತ್ರ ಒಂದರದ್ದೇ. ಹೀಗಾಗಿ ಆ ಒಂದು ಯಾವಾಗಲೂ ಅರೆಹೊಟ್ಟೆ, ಇನ್ನೊಂದು ಅತಿಯಾಗಿ ಕುದಿದು ನೀರು ಒಣಗಿಸಿಕೊಳ್ಳುತ್ತದೆ. ಮೀಟರ್ ಹಿಡಿದು ಎರಡನ್ನೂ ಬೇರೆಬೇರೆ ಅಳೆಯಿರಿ. ಒಂದರಲ್ಲಿ 12.6, ಇನ್ನೊಂದರಲ್ಲಿ 11.4 ತೋರಿದರೆ ಕಳ್ಳ ಸಿಕ್ಕಿದ ಹಾಗೆ. ಹೊಲದಲ್ಲಿ ಎರಡು ಟ್ರ್ಯಾಕ್ಟರ್ ಬ್ಯಾಟರಿ ಸಿಕ್ಕರೆ ಸರಣಿಯಲ್ಲಿ ಜೋಡಿಸಿ ಚಾಲೂ ಮಾಡಬಹುದು. ಕೊನೆಯ ನೆಗೆಟಿವ್ ತಂತಿಯನ್ನು ಬ್ಯಾಟರಿಯಿಂದ ದೂರ, ಚಾಸಿಯ ಬರಿ ಕಬ್ಬಿಣಕ್ಕೆ ಹಚ್ಚಿ. ಟ್ರ್ಯಾಕ್ಟರಿನಲ್ಲೇ ಬ್ಯಾಟರಿ ಇಟ್ಟುಕೊಂಡು ಈ ಗಾಡಿಯ ಎರಡಕ್ಕೂ ಸೇರಿಸಿ ತಂತಿ ಕೊಟ್ಟರೆ ಟ್ರ್ಯಾಕ್ಟರಿನ ವೈರಿಂಗ್ ಹೋಯಿತು. ಬ್ಯಾಟರಿ ಸರಿಯಿದ್ದೂ ಸೆಲ್ಫ್ ಅಲುಗದಿದ್ದರೆ ಮಾಸ್ಟರ್ ಸ್ವಿಚ್ ಮತ್ತು ಅರ್ಥ್ ಪಟ್ಟಿ ನೋಡಿ. ವರ್ಷಗಟ್ಟಲೆ ಡಿಪೋದಲ್ಲಿ ಮಳೆ ತಿಂದ ಗಾಡಿಗಳಲ್ಲಿ ಅವೆರಡೂ ತುಕ್ಕು ಹಿಡಿದಿರುತ್ತವೆ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುತ್ತಿಲ್ಲ: ಈಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಮೊದಲನೆಯದರಲ್ಲಿ ಬಹುಪಾಲು 'ಏರ್ ಹಿಡಿದಿದೆ' ಎನ್ನುವ ಕೇಸು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಸಡಿಲಾದರೆ ಡೀಸೆಲ್ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ; ಒದ್ದೆ ಗುರುತು ಕಾಣದೆ ಮೇಸ್ತ್ರಿಗಳೂ ಮೋಸಹೋಗುವುದು ಇಲ್ಲೇ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ತೆಳ್ಳಗೆ ಒಂದೇ ಸಮನಾದ ಡೀಸೆಲ್ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಬಳಿಕ ಪಂಪಿನ ಸ್ಕ್ರೂವಿನಲ್ಲೂ ಹೀಗೇ. ನೋಸಲ್‌ಗೆ ಹೋಗುವ ಸಣ್ಣ ಪೈಪು ಬಿಚ್ಚಿ ನೋಡುವಾಗ ಬೆರಳು ಅಡ್ಡ ಇಡಬೇಡಿ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ, ಗಾಯ ಚಿಕ್ಕದು ಕಂಡರೂ ಬೆರಳೇ ಹೋಗಬಹುದು.

ಎಂಜಿನ್ ಓಡುತ್ತಿದೆ, ಗಾಡಿ ಕದಲುತ್ತಿಲ್ಲ ಎಂದರೆ ಏರ್ ಬ್ರೇಕ್. ಪೂರ್ತಿ ಏರ್ ಬ್ರೇಕಿನ ಗಾಡಿಯಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಟ್ಯಾಂಕಿನ ಗಾಳಿ ಸೋರಿದರೆ ಹಿಂದಿನ ಗಾಲಿ ತಾನೇ ಕಚ್ಚಿಕೊಳ್ಳುತ್ತದೆ. ಎಂಜಿನ್ ಕೆಟ್ಟ ಗಾಡಿಯನ್ನು ಎಳೆಯಲು ಹೋಗಿ ಹಿಂದಿನ ಟೈರು ಡಾಂಬರಿನ ಮೇಲೆ ಉಜ್ಜಿಕೊಂಡು ಬರುವುದು ಇದೇ ಕಾರಣಕ್ಕೆ. ಎಳೆಯುವ ಗಾಡಿಯಿಂದ ಹೋಸ್ ಹಾಕಿ ಗಾಳಿ ತುಂಬಿಸುವುದು ಒಳ್ಳೆಯ ದಾರಿ: ಬ್ರೇಕೂ ಬಿಡುತ್ತದೆ, ಬೇಕೆಂದಾಗ ಹಿಡಿಯುತ್ತದೆ ಕೂಡ. ಅದಾಗದಿದ್ದರೆ ಚೇಂಬರಿನ ಹಿಂದಿನ ಉದ್ದ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಹಿಂದಕ್ಕೆ ಎಳೆದಿಡಬೇಕು. ಗಾಲಿಗೆ ಕಲ್ಲು ಕೊಡದೆ ಇದನ್ನು ಮುಟ್ಟಬಾರದು. ಚೇಂಬರಿನ ಸುತ್ತಲ ಪಟ್ಟಿಯನ್ನಂತೂ ದಾರಿಯಲ್ಲಿ ಯಾರೂ ಬಿಚ್ಚಬಾರದು. ಒಳಗೆ ಒತ್ತಿ ಕೂತ ಸ್ಪ್ರಿಂಗ್ ಹಾರಿ ಬಡಿದರೆ ಜೀವ ಉಳಿಯುವುದಿಲ್ಲ.

ಇಷ್ಟಾದರೂ ಗಾಡಿ ಏಳದಿದ್ದರೆ ಎಳೆಯುವ ಮಾತು. ಗೇರ್ ನ್ಯೂಟ್ರಲ್ ಇದ್ದರೆ ಸಾಕು ಎಂಬ ನಂಬಿಕೆ ಯಾಕೆ ತಪ್ಪು? ಗೇರ್ ಬಾಕ್ಸಿನೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುವ ಕೆಳಗಿನ ಶಾಫ್ಟ್ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದನ್ನು ತಿರುಗಿಸುವುದು ಎಂಜಿನ್. ಎಂಜಿನ್ ಸತ್ತಾಗ ಅದು ನಿಂತಿರುತ್ತದೆ. ಆದರೆ ಮೇಲಿನ ಶಾಫ್ಟನ್ನು ಗಾಲಿಗಳು ಹಿಂದಿನಿಂದ ತಿರುಗಿಸುತ್ತಲೇ ಇರುತ್ತವೆ, ಒಣಗಿದ ಬೇರಿಂಗ್ ಮೇಲೆ. ಮಿಲಿಟರಿ ಗಾಡಿಯಲ್ಲಿ ಇದರ ಜೊತೆಗೆ ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್‌ಗೆ ಇನ್ನೊಂದು ಶಾಫ್ಟ್. ಮುಂಭಾಗ ಎತ್ತಿ ಎಳೆದರೂ ಫೋರ್ ವೀಲ್ ಹಾಕಿದ್ದರೆ ಹಿಂದಿನ ಗಾಲಿ ಒಳಗೊಳಗೇ ಮುಂದಿನದನ್ನೂ ತಿರುಗಿಸಲು ನೋಡುತ್ತದೆ. ಫೋರ್ ವೀಲ್ ಮತ್ತು ಡಿಫರೆನ್ಷಿಯಲ್ ಲಾಕ್ ಬಿಡಿಸಿ, ಟ್ರಾನ್ಸ್‌ಫರಿನಲ್ಲಿ ನ್ಯೂಟ್ರಲ್ ಇದ್ದರೆ ಹಾಕಿ, ರಸ್ತೆಯಿಂದ ಆಚೆ ಸರಿಸುವಷ್ಟು ದೂರ ಮಾತ್ರ ಎಳೆಯಿರಿ. ಅದಕ್ಕಿಂತ ಹೆಚ್ಚಾದರೆ ಮುಂದಿನ, ಹಿಂದಿನ ಪ್ರೊಪೆಲರ್ ಶಾಫ್ಟ್ ಎರಡನ್ನೂ ಬಿಚ್ಚಬೇಕು. ಬಿಚ್ಚುವ ಮುನ್ನ ಎರಡೂ ಫ್ಲ್ಯಾಂಜ್‌ಗೆ ಅಡ್ಡಲಾಗಿ ಚಾಣದಿಂದ ಒಂದು ಗೆರೆ ಹೊಡೆಯಿರಿ. ಕೆಲವು ಹಳೆಯ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುತ್ತದೆ. ಶಾಫ್ಟ್ ಬಿಚ್ಚಿದ ಕೂಡಲೇ ಹ್ಯಾಂಡ್ ಬ್ರೇಕ್ ಸತ್ತಂತೆ. ಕೆಳಗೆ ಮಲಗಿದವನ ಮೇಲೆ ಗಾಡಿ ಉರುಳುವುದು ಆಗಲೇ.

ಟಾಟ್ರಾ ಸಿಕ್ಕರೆ ಈ ಉಪಾಯ ನಡೆಯದು. ಚೆಕ್ ಮೂಲದ ಈ ಗಾಡಿಯನ್ನು ನಮ್ಮ ಬಿಇಎಂಎಲ್ 1986ರ ಒಪ್ಪಂದದಿಂದ ತಯಾರಿಸುತ್ತ ಬಂದಿದೆ. ನಡುಬೆನ್ನಿನ ದಪ್ಪ ಕೊಳವೆಯೊಳಗೆ ಶಾಫ್ಟ್ ಹೋಗುವುದರಿಂದ ರಸ್ತೆ ಬದಿಯಲ್ಲಿ ಬಿಚ್ಚಲು ಏನೂ ಸಿಗುವುದಿಲ್ಲ. ಎಂಜಿನ್ನಿಗೆ ಗಾಳಿಯ ತಂಪು, ಹಾಗಾಗಿ ರೇಡಿಯೇಟರ್ ಹುಡುಕುವುದೂ ವ್ಯರ್ಥ. ಅದನ್ನು ಬಲ್ಲವರನ್ನೇ ಕರೆಸಬೇಕು.

ಎಷ್ಟು ಬಲ ಬೇಕು? ಖಾಲಿ ಗಾಡಿ ಎಂಟು ಟನ್ ಅನ್ನಿ. ಸಮತಟ್ಟು ಡಾಂಬರಿನಲ್ಲಿ ಉರುಳಿಸಲು ಸುಮಾರು 100 ಕಿಲೋ ಎಳೆತ ಸಾಕು. ಹತ್ತು ಅಡಿಗೆ ಒಂದಡಿ ಏರುವ ಗುಡ್ಡದ ದಾರಿಯಲ್ಲಿ ಇದಕ್ಕೆ 800 ಕಿಲೋ ಸೇರುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ಎರಡು ಟನ್ನಿಗೂ ಮಿಕ್ಕೀತು. ಹೌಸಿಂಗ್ ತನಕ ಹೂತರೆ ಗಾಡಿಯ ತೂಕದಷ್ಟೇ ಬೇಕಾಗಬಹುದು. ಆಗ ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಕಟ್ಟಿ ಜಗ್ಗುವ ಬದಲು ಗಾಲಿಯ ಮುಂದಿನ ಮಣ್ಣು ಸಲಿಕೆಯಿಂದ ಇಳಿಜಾರಾಗಿ ತೆಗೆಯುವುದೇ ಅಗ್ಗ. ಸರಪಳಿಯನ್ನು ಬಂಪರಿಗೆ, ಕಮಾನು ಪಾಟಾದ ಬ್ರಾಕೆಟ್ಟಿಗೆ ಕಟ್ಟಬೇಡಿ. ಸೇನೆಯ ಗಾಡಿಗೆ ಚಾಸಿಯಲ್ಲೇ ಕೊಕ್ಕೆಗಳಿವೆ, ಎರಡಕ್ಕೂ ಸೇರಿಸಿ ಹಾಕಿ. ಎರಡು ಎಳೆಗಳ ನಡುವಿನ ಕೋನ 120 ಡಿಗ್ರಿಗೆ ಅಗಲಿದರೆ ಒಂದೊಂದು ಎಳೆಯೂ ಪೂರ್ತಿ ಭಾರ ಹೊರುತ್ತದೆ, ಆದ್ದರಿಂದ ಸರಪಳಿ ಉದ್ದವಿರಲಿ. ವೈರ್ ರೋಪ್ ಆದರೆ ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿ, ಜನರನ್ನು ದೂರ ನಿಲ್ಲಿಸಿ.

ರಸ್ತೆಯ ಮೇಲೆ ಹಗ್ಗಕ್ಕಿಂತ ಕಬ್ಬಿಣದ ಬಾರ್ ವಾಸಿ, ಏಕೆಂದರೆ ಹಿಂದಿನವನಿಗೆ ಬ್ರೇಕ್ ಕಡಿಮೆ, ಪವರ್ ಸ್ಟೀರಿಂಗೂ ಕಲ್ಲಿನಂತೆ ಬಿಗಿ. 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮಗಳು ಹಾಕಿಕೊಟ್ಟಿದ್ದ ಅಳತೆ ಇಂದಿಗೂ ಪಾಲಿಸಲು ಯೋಗ್ಯ: ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಬೇಡ, ವೇಗ ಗಂಟೆಗೆ 24 ಕಿಲೋಮೀಟರ್ ದಾಟಬಾರದು, ಮುಂದಿನ ಗಾಲಿ ಎತ್ತದಿದ್ದರೆ ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವನೇ ಕೂರಬೇಕು, ಬಾಲಕ್ಕೆ 'ಆನ್ ಟೋ' ಫಲಕ ಇರಬೇಕು.

ಎಳೆಯಲು ಶುರುಮಾಡಿ ಒಂದೆರಡು ಕಿಲೋಮೀಟರಿಗೆ ನಿಲ್ಲಿಸಿ, ಪ್ರತಿ ಗಾಲಿಯ ಹಬ್ ಹತ್ತಿರ ಕೈ ಒಯ್ದು ನೋಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಟ್ಟಿಲ್ಲ, ಹಾಗೇ ಎಳೆದರೆ ಟೈರಿಗೆ ಬೆಂಕಿ. ಗ್ಯಾರೇಜು ಸೇರಿದ ಮೇಲೆ ಶಾಫ್ಟ್ ಮರಳಿ ಕೂರಿಸುವಾಗ ಚಾಣದ ಗೆರೆಗಳು ಕೂಡುವಂತೆ ಬೋಲ್ಟ್ ಹಾಕಿಸಿ. ಗೆರೆ ತಪ್ಪಿದರೆ ನಲವತ್ತರ ವೇಗಕ್ಕೇ ಗಾಡಿ ಅದುರತೊಡಗುತ್ತದೆ.