ಅಂತರ್ಜಾಲದ ಮನೆಲೆಕ್ಕ: ಅಧ್ಯಾಪಕರ ಸೌಕರ್ಯದ ಪ್ರಶ್ನೆ

ತರಗತಿಯಲ್ಲಿ ಕಲಿತ ಲೆಕ್ಕವನ್ನು ವಿದ್ಯಾರ್ಥಿಯು ಮನೆಯಲ್ಲಿ ತಾನಾಗಿಯೇ ಮಾಡಿ ತರಬೇಕೆಂಬುದು ಗಣಿತಶಿಕ್ಷಣದಲ್ಲಿ ಎಲ್ಲರೂ ಒಪ್ಪಿರುವ ಕ್ರಮವಷ್ಟೆ. ಆದರೆ ಅದರಲ್ಲೊಂದು ತೊಡಕುಂಟು. ಇಂದು ರಾತ್ರಿ ಮಾಡಿದ ತಪ್ಪು, ನೋಟುಪುಸ್ತಕಗಳ ರಾಶಿಯನ್ನು ಅಧ್ಯಾಪಕರು ತಿದ್ದಿ ಮುಗಿಸಿದ ಮೇಲೆಯೇ ಹುಡುಗನ ಕಣ್ಣಿಗೆ ಬೀಳುವುದು. ಅಷ್ಟರಲ್ಲಿ ಪಾಠ ಮುಂದೆ ಸಾಗಿರುತ್ತದೆ, ತಪ್ಪು ರೂಢಿಯಾಗಿರುತ್ತದೆ. ಈ ವಿಳಂಬವನ್ನು ನೀಗಲು ಹುಟ್ಟಿದ ಗಣಕಯಂತ್ರದ ಸಾಧನಗಳು ಅಧ್ಯಾಪಕರಿಗೇ ಬಹುಕಾಲ ಹೊರೆಯಾದುದೇಕೆ, ಆ ಹೊರೆ ಇಳಿದುದು ಹೇಗೆ ಎಂಬುದು ಇತಿಹಾಸದ ಪ್ರಶ್ನೆ. ಗಣಿತಜ್ಞನಲ್ಲದ ನಾನು ಈ ವಿಷಯವನ್ನೆತ್ತಿಕೊಂಡುದಕ್ಕೆ ಇದೇ ಸಮಾಧಾನ.

ಅಂತರ್ಜಾಲಕ್ಕಿಂತಲೂ ಹಿಂದೆ, 1960ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ 'ಪ್ಲೇಟೋ' ಎಂಬ ಬೋಧನಾವ್ಯವಸ್ಥೆಯನ್ನು ಆರಂಭಿಸಿದರು. ಯಂತ್ರಕ್ಕೆ ಪಾಠವನ್ನು ಅಳವಡಿಸುವುದು ಯಂತ್ರತಜ್ಞರಿಗೆ ಮಾತ್ರ ಸಾಧ್ಯವಾದರೆ ಸಾಲದೆಂಬುದು ಬೇಗನೆ ತಿಳಿಯಿತು. ಪಾಲ್ ಟೆನ್ಜಾರ್ ಅದೇ ದಶಕದಲ್ಲಿ 'ಟ್ಯೂಟರ್' ಎಂಬ ಯಂತ್ರಭಾಷೆಯನ್ನು ರಚಿಸಿದುದು ಸಾಮಾನ್ಯ ಅಧ್ಯಾಪಕನೂ ಪಾಠ ಬರೆಯಲೆಂದೇ.

ಆದರೂ ಈ ಪಾಠವನ್ನು ಮತ್ತೆ ಕಲಿಯಬೇಕಾಯಿತು. 1990ರ ದಶಕದ ನಡುವೆ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಅರ್ನಾಲ್ಡ್ ಪೈಜರ್ ಮತ್ತು ಮೈಕೇಲ್ ಗೇಜ್ ಎಂಬ ಗಣಿತ ಪ್ರಾಧ್ಯಾಪಕರು 'ವೆಬ್‌ವರ್ಕ್' ಎಂಬ ಸಾಧನವನ್ನು ನಿರ್ಮಿಸಿದರು. ಇದರ ಜಾಣ್ಮೆ ಮೆಚ್ಚತಕ್ಕದ್ದು. ಒಂದೇ ಲೆಕ್ಕ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಬಗೆಯ ಸಂಖ್ಯೆಗಳೊಡನೆ ಬರುತ್ತದೆ. ನೆರೆಯವನ ಉತ್ತರವನ್ನು ನಕಲುಮಾಡಿ ಪ್ರಯೋಜನವಿಲ್ಲ. 2(ಅ+3) ಎಂದು ಬರೆದರೂ 2ಅ+6 ಎಂದು ಬರೆದರೂ ಎರಡೂ ಸರಿಯೆಂದು ಅದು ಗುರುತಿಸುತ್ತದೆ. 'ಅ' ಎಂಬಲ್ಲಿ ಮನಬಂದ ಕೆಲವು ಸಂಖ್ಯೆಗಳನ್ನಿಟ್ಟು, ವಿದ್ಯಾರ್ಥಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಬರುವ ಬೆಲೆ ಒಂದೆಯೇ ಎಂದು ನೋಡುವುದು ಅದರ ವಿಧಾನ. ಇಷ್ಟಾದರೂ, ಹೊಸ ಲೆಕ್ಕವೊಂದನ್ನು ಅದರಲ್ಲಿ ಸೇರಿಸಬೇಕಾದರೆ 'ಪರ್ಲ್' ಎಂಬ ಯಂತ್ರಭಾಷೆಯನ್ನು ಆಧರಿಸಿದ ಲಿಪಿಯಲ್ಲಿ ಬರೆಯಬೇಕು. ಕರಿಹಲಗೆಯ ಮೇಲೆ ಎರಡು ನಿಮಿಷದಲ್ಲಿ ಬರೆಯಬಹುದಾದ ಲೆಕ್ಕಕ್ಕೆ ಸಂಜೆಯೊಂದನ್ನು ತೆರಲು ಎಷ್ಟು ಜನ ಸಿದ್ಧರಿದ್ದಾರು? ಹಲವು ಕಾಲೇಜುಗಳ ಅಧ್ಯಾಪಕರು ತಾವು ಬರೆದುದನ್ನು ಒಂದೆಡೆ ಕೂಡಿಸಿ, 30,000ಕ್ಕೂ ಹೆಚ್ಚು ಲೆಕ್ಕಗಳ ಮುಕ್ತಭಂಡಾರವನ್ನು ಕಟ್ಟಿದುದರಿಂದ ಈ ಕಷ್ಟ ಬಹುಮಟ್ಟಿಗೆ ತಗ್ಗಿತು. ಆದರೆ ಭಂಡಾರ ಬೆಳೆದಂತೆ ಹುಡುಕಾಟವೂ ಬೆಳೆಯುತ್ತದೆ. ಸೂಚಿಯ ನೆರವಿಲ್ಲದೆ ಶಾಸನಸಂಪುಟಗಳನ್ನು ತಡಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೇರೊಂದು ದಾರಿಯನ್ನು ಹಿಡಿದವರು ಮ್ಯಾಸಚೂಸೆಟ್ಸಿನ ನೀಲ್ ಹೆಫರ್ನನ್ ಮತ್ತು ಕ್ರಿಸ್ಟಿನಾ ಹೆಫರ್ನನ್ ದಂಪತಿಗಳು. ಇಬ್ಬರೂ ಹಿಂದೆ ಶಾಲೆಯಲ್ಲಿ ಗಣಿತ ಕಲಿಸಿದವರು. ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಬೆಳೆದ ಅವರ 'ಅಸಿಸ್ಟ್‌ಮೆಂಟ್ಸ್' ಎಂಬ ಉಚಿತ ಸಾಧನದಲ್ಲಿ ಅಧ್ಯಾಪಕನು ತಾನು ಬಳಸುತ್ತಿರುವ ಪಠ್ಯಪುಸ್ತಕದ ಲೆಕ್ಕಗಳನ್ನೇ ಆಯ್ದು ಕೊಡಬಹುದು. ಪಾಠಕ್ರಮವನ್ನು ಯಂತ್ರಕ್ಕಾಗಿ ಬದಲಿಸಬೇಕಾಗಿಲ್ಲ. ವಿದ್ಯಾರ್ಥಿಗೆ ಸರಿತಪ್ಪು ಒಡನೆಯೇ ತಿಳಿಯುತ್ತದೆ. ಮರುದಿನ ತರಗತಿಗೆ ಹೋಗುವ ಮೊದಲೇ ಅಧ್ಯಾಪಕನ ಮುಂದೆ ಒಂದು ಪಟ್ಟಿ ಇರುತ್ತದೆ: ಯಾವ ಲೆಕ್ಕವನ್ನು ಶೇಕಡಾ ಎಷ್ಟು ಮಂದಿ ಸರಿಯಾಗಿ ಮಾಡಿದರು, ತಪ್ಪಿದವರಲ್ಲಿ ಹೆಚ್ಚಿನವರು ಬರೆದ ಉತ್ತರವೇನು ಎಂದು. ನನ್ನ ದೃಷ್ಟಿಯಲ್ಲಿ ಸೌಕರ್ಯವೆಂಬುದರ ಸಾರ ಈ ಪಟ್ಟಿಯಲ್ಲಿದೆ. ಗುಂಡಿಗಳ ಅಂದ, ಬಣ್ಣಗಳ ಸೊಗಸು ಇವೆಲ್ಲ ಆಮೇಲಿನ ಮಾತು. ಹತ್ತು ಲೆಕ್ಕಗಳನ್ನೂ ಹಲಗೆಯ ಮೇಲೆ ಮತ್ತೆ ಮಾಡಿ ಹೊತ್ತು ಕಳೆಯುವ ಬದಲು, ಎಲ್ಲರೂ ಎಡವಿದ ಎರಡನ್ನು ಎತ್ತಿಕೊಳ್ಳಬಹುದು.

ಇದರ ಫಲವನ್ನು ಮೇಯ್ನ್ ಸಂಸ್ಥಾನದಲ್ಲಿ ಪರೀಕ್ಷಿಸಿದರು. ಅಲ್ಲಿ 2002ರಿಂದಲೇ 7ನೆಯ ತರಗತಿಯ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವ ಪದ್ಧತಿ ಮೊದಲಾಗಿತ್ತು. 43 ಶಾಲೆಗಳ 2,850 ವಿದ್ಯಾರ್ಥಿಗಳನ್ನು ಕುರಿತ ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸಾಧನವನ್ನು ಬಳಸಿದವರ ಕಲಿಕೆ ಉಳಿದವರಿಗಿಂತ ಮುಂದಿತ್ತು. ಅದರಲ್ಲಿಯೂ ಮೊದಲು ಹಿಂದುಳಿದಿದ್ದವರಿಗೆ ಹೆಚ್ಚಿನ ಪ್ರಯೋಜನವಾಗಿತ್ತು. ಅಲ್ಲಿನ ಅಧ್ಯಾಪಕರಿಗೆ ಪಟ್ಟಿಯನ್ನು ಓದಿ ಪಾಠವನ್ನು ಹೊಂದಿಸಿಕೊಳ್ಳುವ ತರಬೇತಿಯನ್ನೂ ಕೊಟ್ಟಿದ್ದರೆಂಬುದನ್ನು ಮರೆಯಲಾಗದು.

ಇಷ್ಟರಿಂದ ಕೆಂಪುಶಾಯಿಯ ಕಾಲ ಮುಗಿಯಿತೆನ್ನುವಂತಿಲ್ಲ. ಇಂಥ ಸಾಧನಗಳು ಬಹುಮಟ್ಟಿಗೆ ನೋಡುವುದು ಕೊನೆಯ ಉತ್ತರವನ್ನು. ಅಲ್ಲಿಗೆ ಬಂದ ಹಾದಿಯನ್ನಲ್ಲ. ರೇಖಾಗಣಿತದ ಸಾಧನೆಯೊಂದರಲ್ಲಿ ಹುಡುಗಿಯೊಬ್ಬಳು ಎಲ್ಲಿ ತರ್ಕವನ್ನು ಹಾರಿಸಿದಳೆಂಬುದನ್ನು ಅಧ್ಯಾಪಕನೇ ಓದಿ ಕಂಡುಕೊಳ್ಳಬೇಕು. ಅದಕ್ಕೆಂದೇ ಅಸಿಸ್ಟ್‌ಮೆಂಟ್ಸಿನಲ್ಲಿ ವಿದ್ಯಾರ್ಥಿಯು ತನ್ನ ವಿವರಣೆಯನ್ನು ಬರೆಯಲು ಅವಕಾಶವನ್ನಿಟ್ಟು, ಅಂಕ ಕೊಡುವ ಕೆಲಸವನ್ನು ಅಧ್ಯಾಪಕರಿಗೆ ಬಿಟ್ಟಿದ್ದಾರೆ.