ಅಪ್ರೆಂಟಿಸ್ ತರಬೇತಿ: ಸಣ್ಣ ಕೈಗಾರಿಕೆಗೆ ನುರಿತ ಕೈ, ಯುವಜನರಿಗೆ ಭದ್ರ ಬದುಕು

ಯಂತ್ರ ಕೊಳ್ಳಲು ಬ್ಯಾಂಕ್ ಸಾಲ ದೊರೆಯುತ್ತದೆ. ಅದನ್ನು ನಡೆಸಬಲ್ಲ ನುರಿತ ಕೈ ದೊರೆಯುವುದಿಲ್ಲ. ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯ, ಹೀಗೆ ಎಲ್ಲೆಡೆಯೂ ಸಣ್ಣ ಉದ್ಯಮಿಗಳಿಂದ ಕೇಳಿಬರುವ ಮಾತಿದು. ಮೂರು ದಶಕ ದುಡಿದ ಟರ್ನರ್ ಅಥವಾ ಮೋಲ್ಡರ್ ನಿವೃತ್ತನಾದಾಗ ಅವನೊಂದಿಗೆ ಅವನ ಕೈಚಳಕವೂ ಕಾರ್ಖಾನೆಯ ಗೇಟು ದಾಟಿ ಹೋಗುತ್ತದೆ. ಇನ್ನೊಂದೆಡೆ ಪದವಿ ಪಡೆದ ತರುಣರು ಅರ್ಜಿ ಹಿಡಿದು ಅಲೆಯುತ್ತಾರೆ. ಈ ಎರಡೂ ಕೊರತೆಗಳನ್ನು ನೀಗಬಲ್ಲ ಮಾರ್ಗವೊಂದು 1961ರ ಅಪ್ರೆಂಟಿಸ್ ಕಾಯಿದೆಯಲ್ಲಿಯೇ ಇದೆ.

ಸಣ್ಣ ಘಟಕಗಳಿಗೂ ಅವಕಾಶ

ಈ ಕಾಯಿದೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆದರೆ 2014ರ ತಿದ್ದುಪಡಿಯು ಉಲ್ಲಂಘನೆಗೆ ಇದ್ದ ಸೆರೆವಾಸದ ಶಿಕ್ಷೆಯನ್ನು ಕೈಬಿಟ್ಟು ದಂಡವನ್ನಷ್ಟೇ ಉಳಿಸಿತು. 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳ ನೇಮಕ ಕಡ್ಡಾಯ. ನಾಲ್ಕರಿಂದ 29 ನೌಕರರಿರುವ ಘಟಕಗಳಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯು ಶಿಷ್ಯವೇತನದ ಶೇಕಡಾ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಗಳವರೆಗೆ, ಕೇಂದ್ರ ಸರ್ಕಾರ ಭರಿಸುವ ವ್ಯವಸ್ಥೆ ಮಾಡಿತು.

ಕಲಿತವನು ಬಿಟ್ಟು ಹೋದರೆ?

ಉದ್ಯಮಿಗಳ ಮುಖ್ಯ ಅಳುಕು ಇದೇ. ಈ ಅಳುಕು ನಿರಾಧಾರವಲ್ಲ. ಆದರೆ ಕಾಯಿದೆಯ 22ನೇ ಕಲಮಿನಲ್ಲಿ ಇದಕ್ಕೆ ಪರಿಹಾರವಿದೆ. ತರಬೇತಿಯ ನಂತರ ಅಲ್ಲಿಯೇ ಸೇವೆ ಸಲ್ಲಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿದರೆ, ಗೊತ್ತುಪಡಿಸಿದ ಅವಧಿ ಹಾಗೂ ವೇತನಕ್ಕೆ ಅಭ್ಯರ್ಥಿ ದುಡಿಯಲು ಬದ್ಧನಾಗುತ್ತಾನೆ. ಸೂಕ್ತ ಕೆಲಸ ನೀಡಲು ಮಾಲೀಕನೂ ಅಷ್ಟೇ ಬದ್ಧ. ಷರತ್ತು ಇಬ್ಬರನ್ನೂ ಕಟ್ಟಿಹಾಕುತ್ತದೆ ಎಂಬುದನ್ನು ಮರೆಯಲಾಗದು.

ಆದರೂ ಕಾಗದದ ಕರಾರಿಗಿಂತ ಬಲವಾದ ನಂಟು ಒಳ್ಳೆಯ ಕಲಿಕೆಯದು. ಅಪ್ರೆಂಟಿಸ್‌ನನ್ನು ಅಗ್ಗದ ಹೆಲ್ಪರ್ ಎಂದು ಬಗೆದು ವರ್ಷವಿಡೀ ಕಸ ಗುಡಿಸಲು, ಸಾಮಾನು ಹೊರಲು ಹಚ್ಚಿದರೆ ಅವನು ಉಳಿಯುವುದೂ ಇಲ್ಲ, ಕಲಿಯುವುದೂ ಇಲ್ಲ. ಕಾಯಿದೆಯ ದೃಷ್ಟಿಯಲ್ಲಿ ಅವನು ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಹಾಗೆಂದು ಅವನ ಸುರಕ್ಷತೆಯ ಹೊಣೆಯಿಂದ ಮಾಲೀಕನು ಜಾರಿಕೊಳ್ಳುವಂತಿಲ್ಲ; ತರಬೇತಿಯ ವೇಳೆ ಅಪಘಾತವಾದರೆ ಪರಿಹಾರ ನೀಡಬೇಕಾದುದು ಮಾಲೀಕನ ಕರ್ತವ್ಯ.

ಮುಂದಿನ ಮೆಟ್ಟಿಲುಗಳು

ಕೈಕೆಲಸಕ್ಕೆ ಸೇರಿದರೆ ಮಗನ ಓದು ಅಲ್ಲಿಗೇ ನಿಂತಿತೆಂದು ಪಾಲಕರು ಅಂಜುತ್ತಾರೆ. ವಾಸ್ತವದಲ್ಲಿ ಕರ್ನಾಟಕದಲ್ಲಿ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಪಡೆದವರು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. 1972ರಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿಯೂ ಕೊನೆಯ ಒಂದು ವರ್ಷ ಕಾರ್ಖಾನೆಯಲ್ಲಿನ ತರಬೇತಿಗೆ ಮೀಸಲು. ಓದು ಮತ್ತು ದುಡಿಮೆ ಪರಸ್ಪರ ವಿರೋಧಿಗಳಲ್ಲ ಎಂಬುದಕ್ಕೆ ಇದು ನಿದರ್ಶನ.

ಮೊದಲ ಹೆಜ್ಜೆ ಇಡಬಯಸುವ ಉದ್ಯಮಿಯು ಸಮೀಪದ ಐಟಿಐ ಪ್ರಾಚಾರ್ಯರನ್ನು ಕಂಡು ಒಬ್ಬಿಬ್ಬರನ್ನು ಆರಿಸಿಕೊಳ್ಳಬಹುದು. ಕರಾರನ್ನು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿ, ಅನುಭವಿ ಕೆಲಸಗಾರನೊಬ್ಬನಿಗೆ ಕಲಿಸುವ ಹೊಣೆ ವಹಿಸಿ, ಯಾವ ತಿಂಗಳು ಯಾವ ಯಂತ್ರವೆಂಬುದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಹಿರಿಯ ಟರ್ನರ್ ನಿವೃತ್ತನಾಗುವ ದಿನ ಅವನ ಲೇತ್‌ನ ಮುಂದೆ ನಿಲ್ಲುವವನು ಇಂದೇ ಒಳಗೆ ಬಂದಿರಬೇಕು.