ಸ್ವತಂತ್ರರ ವಿದ್ಯೆ

ನಮ್ಮ ಕಾಲೇಜಿನ ಹೆಬ್ಬಾಗಿಲ ಮೇಲೆ ‘ಸರ್ಕಾರಿ ಕಲಾ ಕಾಲೇಜು’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ನಾನು ಸೇರಿದ ದಿನ ಜೊತೆಗೆ ಬಂದಿದ್ದ ಅಪ್ಪ ಅದನ್ನು ನನ್ನಿಂದ ಓದಿಸಿ, “ಕಲೆ ಅಂದ್ರೆ ಏನಪ್ಪಾ, ನಾಟಕ ಕಲಿಸ್ತಾರಾ?” ಎಂದು ಕೇಳಿದರು. ಅಪ್ಪ ಮಂಡಿಯಲ್ಲಿ ಮೂಟೆ ಹೊರುವವರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಂದು ನನಗೆ ಉತ್ತರ ತಿಳಿದಿರಲಿಲ್ಲ. ಈ ಅಂತಿಮ ವರ್ಷದಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿದಾಗ ದೊರೆತುದನ್ನು ವಾಚಕರ ಮುಂದಿಡುತ್ತೇನೆ.

ಬಿ.ಎ. ಪದವಿಯ ‘ಆರ್ಟ್ಸ್’ ಎಂಬುದು ‘ಲಿಬರಲ್ ಆರ್ಟ್ಸ್’ನಿಂದ ಬಂದುದು. ಲ್ಯಾಟಿನ್ ಭಾಷೆಯಲ್ಲಿ ‘ಲೀಬೆರ್’ ಎಂದರೆ ಸ್ವತಂತ್ರ. ದಾಸನಲ್ಲದವನು ಕಲಿಯತಕ್ಕ ವಿದ್ಯೆಗಳು ಎಂದರ್ಥ. ಅವು ಏಳು: ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಶಾಸ್ತ್ರ. ನಾಟಕ ಇದರಲ್ಲಿಲ್ಲ!

ಈ ಹಳೆಯ ಪದ್ಧತಿಯನ್ನು ಇಂದಿಗೂ ಹಿಡಿದಿರುವ ಒಂದು ಚಿಕ್ಕ ಕ್ಯಾಥೊಲಿಕ್ ಕಾಲೇಜು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. 13ನೆಯ ಶತಮಾನದ ಸಂತ, ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸನ ಹೆಸರು ಹೊತ್ತ ಈ ಸಂಸ್ಥೆ 1971ರಲ್ಲಿ 33 ವಿದ್ಯಾರ್ಥಿಗಳೊಡನೆ ಆರಂಭವಾಯಿತು. 1978ರಲ್ಲಿ ಸಾಂತಾ ಪೌಲಾ ಎಂಬ ಊರಿನ ಬಳಿಗೆ ಬಂದು ನೆಲೆಸಿತು. ಅಲ್ಲಿ ಐಚ್ಛಿಕ ವಿಷಯಗಳಿಲ್ಲ. ನಾಲ್ಕು ವರ್ಷವೂ ಎಲ್ಲರಿಗೂ ಒಂದೇ ಪಾಠಕ್ರಮ. ಪಠ್ಯಪುಸ್ತಕಗಳ ಬದಲು ಪ್ಲೇಟೋ, ಅರಿಸ್ಟಾಟಲ್, ನ್ಯೂಟನ್ ಮೊದಲಾದವರ ಗ್ರಂಥಗಳನ್ನೇ ಓದುತ್ತಾರೆ. ತರಗತಿಯಲ್ಲಿ ಉಪನ್ಯಾಸವಿಲ್ಲ. ಒಂದು ಮೇಜಿನ ಸುತ್ತ ಕುಳಿತವರಿಗೆ ಅಧ್ಯಾಪಕರು ಪ್ರಶ್ನೆಯೊಂದನ್ನು ಹಾಕುತ್ತಾರೆ. ಅಲ್ಲಿಂದ ಚರ್ಚೆ ಸಾಗುತ್ತದೆ.

ಮೊದಲ ವರ್ಷದ ಗಣಿತಕ್ಕೆ ಯೂಕ್ಲಿಡನೇ ಗುರು. ವಿದ್ಯಾರ್ಥಿಯು ಕಪ್ಪುಹಲಗೆಯ ಮುಂದೆ ನಿಂತು ಪ್ರಮೇಯವನ್ನು ಸಾಧಿಸಬೇಕು. ಮೊದಲನೆಯದನ್ನೇ ನೋಡೋಣ. ಒಂದು ಗೆರೆ ಎಳೆಯಿರಿ. ಅದನ್ನೇ ತ್ರಿಜ್ಯವಾಗಿಟ್ಟುಕೊಂಡು ಎರಡು ತುದಿಗಳಿಂದಲೂ ಒಂದೊಂದು ವೃತ್ತ ಬರೆಯಿರಿ. ವೃತ್ತಗಳು ಕೂಡುವ ಬಿಂದುವಿಗೆ ಎರಡು ತುದಿಗಳನ್ನೂ ಜೋಡಿಸಿದರೆ ಮೂರು ಬಾಹುಗಳೂ ಸಮನಾದ ತ್ರಿಕೋಣವಾಯಿತು. ಸರಿ, ಆದರೆ ಆ ವೃತ್ತಗಳು ಕೂಡಿಯೇ ಕೂಡುತ್ತವೆಂದು ಹೇಗೆ ಬಲ್ಲೆವು? ಕಣ್ಣಿಗೆ ಕಾಣುತ್ತದೆ, ನಿಜ. ಯೂಕ್ಲಿಡನು ಮೊದಲೇ ಒಪ್ಪಿಕೊಂಡ ತತ್ತ್ವಗಳಲ್ಲಿ ಮಾತ್ರ ಅದಿಲ್ಲ! ಎರಡು ಸಾವಿರ ವರ್ಷ ಹಳೆಯ ಗ್ರಂಥವನ್ನು ಹದಿನೆಂಟರ ಹುಡುಗನೊಬ್ಬ ಹೀಗೆ ಪ್ರಶ್ನಿಸಬಹುದು.

ಹಾಗೆಂದು ಆ ಕಾಲೇಜಿಗೆ ತನ್ನದೇ ನಿಲುವಿಲ್ಲವೆಂದಲ್ಲ. ಕ್ಯಾಥೊಲಿಕ್ ಶ್ರದ್ಧೆಯೇ ಅದರ ಅಡಿಪಾಯ. ದೇವತಾಶಾಸ್ತ್ರವೇ ವಿದ್ಯೆಗಳ ಶಿಖರವೆಂದು ಅದು ನಂಬುತ್ತದೆ. ಎಲ್ಲ ಮತದವರೂ ಕೂಡಿ ಓದುವ ನಮ್ಮಂಥ ಕಾಲೇಜಿಗೆ ಅದು ಒಪ್ಪುವ ಮಾತಲ್ಲ. ಆದರೆ ಅಲ್ಲಿ ಮಾರ್ಕ್ಸ್, ಡಾರ್ವಿನ್ನರನ್ನೂ ಓದಿಸುತ್ತಾರೆಂಬುದನ್ನು ಮರೆಯಬಾರದು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಮೂಟೆ ಹೊರೋರಿಗೆ ಅದು ಅಲ್ಲ ಅಂತಾಯ್ತು” ಎಂದರು. ಆ ಮಾತು ನನ್ನನ್ನು ಚುಚ್ಚಿತು. ಅದು ಸುಳ್ಳೂ ಅಲ್ಲ. ಪ್ರಾಚೀನ ಗ್ರೀಸಿನಲ್ಲಿ ಕೆಲವರ ಬಿಡುವಿಗಾಗಿ ಅನೇಕರು ದಾಸರಾಗಿ ದುಡಿದರು. ಆದರೆ ನಾನು ಹೇಳಿದ ಕಾಲೇಜಿನಲ್ಲಿ ಹಣದ ಅನುಕೂಲವಿಲ್ಲದ ವಿದ್ಯಾರ್ಥಿಗಳು ವಾರಕ್ಕೆ 13 ಗಂಟೆ ಅಡುಗೆಮನೆ, ತೋಟ, ಗ್ರಂಥಾಲಯಗಳಲ್ಲಿ ದುಡಿದು ಶುಲ್ಕದ ಭಾರ ಇಳಿಸಿಕೊಳ್ಳುತ್ತಾರೆ. ಪಾತ್ರೆ ತೊಳೆದ ಕೈಯೇ ಯೂಕ್ಲಿಡನ ವೃತ್ತವನ್ನೂ ಎಳೆಯುತ್ತದೆ. ದುಡಿಯುವವನು ದಾಸನಲ್ಲ, ಇನ್ನೊಬ್ಬರು ಹೇಳಿದ್ದನ್ನು ವಿಚಾರಿಸದೆ ಒಪ್ಪುವವನೇ ದಾಸ.

ಹಾಗೆ ನೋಡಿದರೆ ಮೂರು ವರ್ಷ ನೋಟ್ಸು, ಗೈಡುಗಳನ್ನು ಉರುಹೊಡೆದು ಪಾಸಾದ ನಾನು ಯಾರು? ತಪ್ಪನ್ನು ಅನ್ಯರ ಮೇಲೆ ಹೊರಿಸಲಾರೆ. ಗ್ರಂಥಾಲಯದ ಬಾಗಿಲು ತೆರೆದೇ ಇತ್ತು. ಕಳೆದ ತಿಂಗಳಿಂದ ನಾವು ನಾಲ್ವರು ಗೆಳೆಯರು ಸಂಜೆ ಖಾಲಿ ಕೊಠಡಿಯಲ್ಲಿ ಯೂಕ್ಲಿಡನನ್ನು ಓದುತ್ತಿದ್ದೇವೆ. ಐದನೆಯ ಪ್ರಮೇಯದಲ್ಲಿ ಸಿಕ್ಕಿಬಿದ್ದಿದ್ದೇವೆ. ಕಿರಿಯ ಮಿತ್ರರೇ, ಬನ್ನಿ, ಸೀಮೆಸುಣ್ಣ ನಮ್ಮಲ್ಲಿದೆ.